ಬೈಕ್ ಬಿದ್ದದ್ದು ಗುಂಡಿಗೆ, ಕೇಸು ಸವಾರನ ಮೇಲೆ: ರಸ್ತೆ ದೋಷದ ಸಾವುಗಳು ಲೆಕ್ಕದಿಂದ ಜಾರುವುದು ಹೇಗೆ?

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ರಸ್ತೆ ಗುಂಡಿಗಳು ರಾಷ್ಟ್ರಮಟ್ಟದ ಸುದ್ದಿಯಾದವು. ಹೊರವರ್ತುಲ ರಸ್ತೆಯ ಕಂಪನಿಗಳ ಬೇಸರ, ಸಚಿವರ ಸಮಜಾಯಿಷಿ, ಗುಂಡಿ ಮುಚ್ಚಲು ಮುಖ್ಯಮಂತ್ರಿ ಸಿದ್ದರಾಮಯ್ಯ ಕೊಟ್ಟ ಒಂದು ತಿಂಗಳ ಗಡುವು ಒಂದರ ಹಿಂದೊಂದು ಬಂದವು. ಮರುತಿಂಗಳು, ಅಕ್ಟೋಬರ್ 13ರಂದು, ಬಾಂಬೆ ಹೈಕೋರ್ಟ್ ಮಹಾರಾಷ್ಟ್ರದ ಮಟ್ಟಿಗೆ ಮಹತ್ವದ ಆದೇಶ ಹೊರಡಿಸಿತು. ರಸ್ತೆ ಗುಂಡಿ ಅಥವಾ ತೆರೆದ ಮ್ಯಾನ್‌ಹೋಲ್‌ನಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ, ಗಾಯಾಳುಗಳಿಗೆ 50,000ದಿಂದ 2.5 ಲಕ್ಷದವರೆಗೆ ಪರಿಹಾರ ಕೊಡಬೇಕು ಎಂಬುದು ಆ ಆದೇಶ.

ಇದನ್ನು ಓದಿದ ನಮ್ಮ ರಾಜ್ಯದವರಿಗೆ ಸಹಜವಾಗಿಯೇ ಗೊಂದಲವಾಗಿದೆ. ನಮ್ಮಲ್ಲಿ ಗುಂಡಿಗೆ ಬಿದ್ದರೆ ಪರಿಹಾರ ಇದೆಯೇ? ಇದ್ದರೆ ಕೊಡುವವರು ಪಾಲಿಕೆಯೋ, ವಿಮಾ ಕಂಪನಿಯೋ, ಗುತ್ತಿಗೆದಾರನೋ? ಗುಂಡಿ ತಪ್ಪಿಸಲು ಹೋಗಿ ಲಾರಿಗೆ ಸಿಕ್ಕ ಸವಾರನ ಸಾವಿಗೆ ಕಾರಣ ಗುಂಡಿಯೋ, ಲಾರಿಯೋ? ಸ್ಕಿಡ್ ಆಗಿ ಬಿದ್ದವನ ಮೇಲೆಯೇ ಅಜಾಗರೂಕ ಚಾಲನೆಯ ಕೇಸು ಏಕೆ ದಾಖಲಾಗುತ್ತದೆ?

ಈ ಪ್ರಶ್ನೆಗಳೆಲ್ಲ ಒಂದೇ ಎಳೆಯಲ್ಲಿ ಸಿಕ್ಕಿಕೊಂಡಿವೆ. ಅಪಘಾತದ ಕಾರಣ ಬರೆಯುವಾಗ ನಮ್ಮ ವ್ಯವಸ್ಥೆ ವಾಹನವನ್ನು ನೋಡುತ್ತದೆ, ಚಾಲಕನನ್ನು ನೋಡುತ್ತದೆ, ಅವರ ಕೆಳಗಿರುವ ರಸ್ತೆಯನ್ನು ನೋಡುವುದಿಲ್ಲ. ದಾಖಲೆಯಲ್ಲಿ ರಸ್ತೆ ಇಲ್ಲದಿದ್ದರೆ ಹೊಣೆ, ಪರಿಹಾರ, ದುರಸ್ತಿ ಯಾವುದೂ ಹುಟ್ಟುವುದಿಲ್ಲ.

ಎರಡು ಚಕ್ರಕ್ಕೆ ರಸ್ತೆ ಬೇರೆಯೇ

ಕಾರಿನ ಒಂದು ಚಕ್ರ ಗುಂಡಿಗೆ ಇಳಿದರೂ ಉಳಿದ ಮೂರು ಅದನ್ನು ಹೊತ್ತು ನಿಲ್ಲಿಸುತ್ತವೆ. ದ್ವಿಚಕ್ರ ವಾಹನಕ್ಕೆ ಆ ಅನುಕೂಲ ಇಲ್ಲ. ಅದು ನೇರವಾಗಿ ನಿಂತಿರುವುದೇ ಮುಂದಿನ ಚಕ್ರ ಉರುಳುತ್ತಾ, ಸಣ್ಣ ಸಣ್ಣದಾಗಿ ಅತ್ತಿತ್ತ ತಿರುಗುತ್ತಾ ಸಮತೋಲನ ಕಾಯ್ದುಕೊಳ್ಳುವುದರಿಂದ. ಆ ಚಕ್ರ ಒಂದು ಕ್ಷಣ ಸಿಕ್ಕಿಕೊಂಡರೆ ಅಥವಾ ಹಿಡಿತ ಕಳೆದುಕೊಂಡರೆ ಇಡೀ ವಾಹನ ಮಗುಚುತ್ತದೆ.

ಚಕ್ರದ ಗಾತ್ರವೂ ಮುಖ್ಯ. ಸಾಮಾನ್ಯ ಸ್ಕೂಟರಿನ ಚಕ್ರ ಟೈರೂ ಸೇರಿ ಸುಮಾರು 45 ಸೆಂಟಿಮೀಟರ್ ವ್ಯಾಸದ್ದು, ಮೋಟಾರ್‌ಸೈಕಲ್‌ನದು ಸುಮಾರು 60. ಮೂವತ್ತು ಸೆಂಟಿಮೀಟರ್ ಅಗಲದ ಗುಂಡಿಯ ಮೇಲೆ ಇವೆರಡನ್ನೂ ಇಟ್ಟು ನೋಡಿ. ಶುದ್ಧ ಜ್ಯಾಮಿತಿಯ ಲೆಕ್ಕದಲ್ಲಿ ಮೋಟಾರ್‌ಸೈಕಲ್ ಚಕ್ರ 4 ಸೆಂಟಿಮೀಟರ್ ಇಳಿಯುತ್ತದೆ, ಸ್ಕೂಟರ್ ಚಕ್ರ ಹತ್ತಿರ ಹತ್ತಿರ 6. ಇಳಿದ ಮೇಲೆ ಹತ್ತಲೇಬೇಕು. ಗುಂಡಿಯ ಆಚೆ ಅಂಚು ಚಿಕ್ಕ ಚಕ್ರಕ್ಕೆ ಇನ್ನೂ ಕಡಿದಾದ ಮೆಟ್ಟಿಲಾಗಿ ಎದುರಾಗುತ್ತದೆ. ಗಾಬರಿಯಲ್ಲಿ ಸವಾರ ಮುಂದಿನ ಬ್ರೇಕ್ ಹಿಡಿದಿದ್ದರೆ ಭಾರವೆಲ್ಲ ಮುಂದಕ್ಕೆ ವಾಲಿ, ಶಾಕ್ ಅಬ್ಸಾರ್ಬರ್ ಆಗಲೇ ಕುಗ್ಗಿರುತ್ತದೆ. ಹೊಡೆತ ನೇರವಾಗಿ ಹ್ಯಾಂಡಲ್‌ಗೆ ಬರುತ್ತದೆ. ಮಕ್ಕಳನ್ನು ಶಾಲೆಗೆ ಬಿಡುವವರು, ಸಾಮಾನು ತರುವವರು, ಆಹಾರ ತಲುಪಿಸುವ ಹುಡುಗರು ಹೆಚ್ಚಾಗಿ ಓಡಿಸುವುದು ಸ್ಕೂಟರನ್ನೇ ಎಂಬುದು ಇಲ್ಲಿ ನೆನಪಿರಲಿ.

ಇನ್ನು ಸಮಯದ ಮಾತು. ಗಂಟೆಗೆ 40 ಕಿಲೋಮೀಟರ್ ವೇಗ ನಗರದಲ್ಲಿ ಅತಿಯಾದದ್ದೇನಲ್ಲ. ಆ ವೇಗದಲ್ಲಿ ವಾಹನ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಕಣ್ಣಿಗೆ ಬಿದ್ದ ಗುಂಡಿಯನ್ನು ಗ್ರಹಿಸಿ ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದರೆ 16-17 ಮೀಟರ್ ಮುಗಿದಿರುತ್ತದೆ. ಮುಂದೆ ಹೋಗುತ್ತಿರುವ ಕಾರು ಹತ್ತು ಮೀಟರ್ ದೂರದಲ್ಲಿದ್ದರೆ ಗುಂಡಿ ಕಾಣುವುದೇ ಕಾರು ಅದನ್ನು ದಾಟಿದ ಮೇಲೆ. ಮಳೆಗಾಲದ ರಾತ್ರಿ ನೀರು ತುಂಬಿದ ಗುಂಡಿ ಸಮತಟ್ಟಾದ ರಸ್ತೆಯಂತೆಯೇ ಹೊಳೆಯುತ್ತದೆ, ಅದು ಎರಡು ಇಂಚೋ ಎಂಟು ಇಂಚೋ ತಿಳಿಯುವುದಿಲ್ಲ. ಕಂಡರೂ ಸವಾರನಿಗೆ ಎರಡೇ ದಾರಿ: ನೇರ ಇಳಿಸುವುದು, ಇಲ್ಲವೇ ಪಕ್ಕಕ್ಕೆ ಎಳೆಯುವುದು. ಪಕ್ಕಕ್ಕೆ ಎಳೆದಾಗ ಹಿಂದಿನಿಂದ ಬರುವ ಬಸ್ಸು, ಟಿಪ್ಪರ್‌ಗೆ ಅದರ ಮುನ್ಸೂಚನೆ ಇರುವುದಿಲ್ಲ. ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ‘ಗುಂಡಿ ತಪ್ಪಿಸಲು ಹೋಗಿ’ ಎಂಬ ಸುದ್ದಿಗಳ ಹಿಂದೆ ಇರುವುದು ಈ ಎರಡನೆಯ ದಾರಿ.

ಗುಂಡಿಯೊಂದೇ ಅಪಾಯವಲ್ಲ

ಸಾರ್ವಜನಿಕ ಚರ್ಚೆ ಗುಂಡಿ ಎಣಿಸುವುದರಲ್ಲೇ ಮುಗಿಯುತ್ತದೆ. ಸವಾರರನ್ನು ಕೆಡವುವ ಬೇರೆ ದೋಷಗಳು ಆ ಎಣಿಕೆಗೆ ಬರುವುದೇ ಇಲ್ಲ.

ಉದ್ದುದ್ದದ ಅಂಚು ಅವುಗಳಲ್ಲಿ ಮುಖ್ಯವಾದದ್ದು. ಹಳೆ ಡಾಂಬರಿನ ಮೇಲೆ ಹೊಸ ಪದರ ಹಾಕಿ ಅರ್ಧಕ್ಕೆ ನಿಲ್ಲಿಸಿದಾಗ, ಕಾಂಕ್ರೀಟ್ ರಸ್ತೆ ಮುಗಿದು ಡಾಂಬರು ಶುರುವಾಗುವಲ್ಲಿ, ಕೇಬಲ್‌ಗೆ ಅಗೆದು ಮುಚ್ಚಿದ ಗೆರೆಯಲ್ಲಿ ಹೀಗೆ ಎರಡು ಮಟ್ಟಗಳ ನಡುವೆ ಎರಡು-ಮೂರು ಇಂಚಿನ ಮೆಟ್ಟಿಲು ಉಳಿಯುತ್ತದೆ. ಅದನ್ನು ಅಡ್ಡಲಾಗಿ ದಾಟಿದರೆ ಒಂದು ಕುಲುಕು, ಅಷ್ಟೆ. ಲೇನ್ ಬದಲಿಸುತ್ತಾ ಓರೆಯಾಗಿ ಹತ್ತಲು ಹೋದರೆ ಟೈರು ಅಂಚಿಗೆ ಉಜ್ಜಿಕೊಂಡು ಹತ್ತಲಾರದೆ ಜಾರುತ್ತದೆ, ಸವಾರ ಸಂಚಾರದ ನಡುವೆಯೇ ಬೀಳುತ್ತಾನೆ. ಕಾರಿನವರು ಇದನ್ನು ದೋಷವೆಂದು ಗುರುತಿಸುವುದೂ ಇಲ್ಲ.

ರಸ್ತೆಯ ಮಟ್ಟ ಏರುತ್ತಾ ಹೋಗಿ ಹಳ್ಳಕ್ಕಿಳಿದ ಚೇಂಬರ್ ಮುಚ್ಚಳಗಳು, ಮೆಟ್ರೊ ಕಾಮಗಾರಿಯಲ್ಲಿ ಹಾಸುವ ಕಬ್ಬಿಣದ ತಗಡುಗಳು, ಮೇಲ್ಸೇತುವೆಗಳ ಬಾಯಿಬಿಟ್ಟ ಜೋಡಣೆಗಳು, ತಿರುವಿನಲ್ಲಿ ಚೆಲ್ಲಿದ ಎಂ-ಸ್ಯಾಂಡ್, ಮಳೆಯಲ್ಲಿ ನುಣುಪಾಗುವ ಬಣ್ಣದ ಪಟ್ಟಿಗಳು ಇದೇ ಸಾಲಿಗೆ ಸೇರುತ್ತವೆ. ಹಂಪ್‌ಗಳದ್ದು ಬೇರೆಯೇ ಕಥೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ-99 ಮಾರ್ಗಸೂಚಿಯ ಪ್ರಕಾರ ಹಂಪ್ 3.7 ಮೀಟರ್ ಅಗಲವಾಗಿ, 10 ಸೆಂಟಿಮೀಟರ್ ಎತ್ತರದ ಮೆಲುವಾದ ಉಬ್ಬಾಗಿರಬೇಕು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕು, ಮುಂಚೆಯೇ ಫಲಕ ಇರಬೇಕು, ಬಣ್ಣ ಬಳಿದಿರಬೇಕು. ಬಡಾವಣೆಗಳಲ್ಲಿ ನಿವಾಸಿಗಳ ಒತ್ತಾಯಕ್ಕೆ ಒಂದೇ ರಾತ್ರಿಯಲ್ಲಿ ಏಳುವ, ಎರಡಡಿ ಅಗಲದ, ಬಣ್ಣವಿಲ್ಲದ ದಿಂಡುಗಳಿಗೂ ಈ ಅಳತೆಗೂ ಸಂಬಂಧವಿಲ್ಲ. ಹಿಂಬದಿ ಕೂತ ಹೆಂಗಸರು, ವಯಸ್ಸಾದವರು ಎಗರಿ ಬೀಳುವುದು ಇಂತಹ ಕಡೆಯೇ.

ಮುಚ್ಚಿದ ಗುಂಡಿ ಮತ್ತೆ ಬಾಯಿ ತೆರೆಯುವುದೇಕೆ?

ಗುಂಡಿ ಹುಟ್ಟುವುದು ನೀರಿನಿಂದ. ಡಾಂಬರಿನ ಮೇಲ್ಪದರದಲ್ಲಿ ಬಿರುಕು ಬಿಟ್ಟರೆ ಮಳೆನೀರು ಕೆಳಗಿಳಿದು ಜಲ್ಲಿಯ ತಳವನ್ನು ಸಡಿಲಿಸುತ್ತದೆ. ನೀರು ನಿಂತಲ್ಲಿ ಟಾರು ಜಲ್ಲಿಯ ಮೈಬಿಟ್ಟು ಕಳಚುತ್ತದೆ. ಅದರ ಮೇಲೆ ಬಸ್ಸು, ಲಾರಿ ಹಾದಾಗಲೆಲ್ಲ ಒಳಗಿನ ನೀರು ಒತ್ತಡಕ್ಕೆ ಚಿಮ್ಮಿ ಸಣ್ಣ ಕಣಗಳನ್ನು ಹೊತ್ತು ಹೊರಬರುತ್ತದೆ, ಟೊಳ್ಳಾದ ಜಾಗ ಕುಸಿಯುತ್ತದೆ. ಹಾಗಾಗಿ ಮೋರಿ ಕಟ್ಟಿಕೊಂಡು ನೀರು ನಿಲ್ಲುವ ಕಡೆಯಲ್ಲೇ, ಬಸ್ಸುಗಳು ಬ್ರೇಕ್ ಹಾಕುವ ಸಿಗ್ನಲ್ ಮತ್ತು ನಿಲ್ದಾಣಗಳ ಬಳಿಯೇ ಗುಂಡಿಗಳು ಹೆಚ್ಚು. ಅಲ್ಲೇ ಸವಾರರ ದಟ್ಟಣೆಯೂ ಹೆಚ್ಚು.

ಸರಿಯಾಗಿ ಮುಚ್ಚುವ ವಿಧಾನ ಎಲ್ಲ ಎಂಜಿನಿಯರ್‌ಗಳಿಗೂ ಗೊತ್ತು. ಗುಂಡಿಯ ಸುತ್ತ ಗಟ್ಟಿ ಡಾಂಬರು ಸಿಗುವವರೆಗೆ ಚೌಕಾಕಾರವಾಗಿ ಕತ್ತರಿಸಬೇಕು. ಬದಿಗಳು ನೆಟ್ಟಗಿರಬೇಕು. ಒಳಗಿನ ಕೆಸರು, ಸಡಿಲ ಜಲ್ಲಿ ತೆಗೆದು ಒಣಗಿಸಬೇಕು. ಹೊಸ ಪದರ ಹಿಡಿದುಕೊಳ್ಳಲು ತೆಳುವಾಗಿ ಟಾರು, ಅಂದರೆ ಟ್ಯಾಕ್ ಕೋಟ್, ಬಳಿಯಬೇಕು. ಸುಮಾರು 150 ಡಿಗ್ರಿಯಲ್ಲಿ ಕಲಸಿದ ಟಾರು-ಜಲ್ಲಿಯ ಹಾಟ್ ಮಿಕ್ಸನ್ನು ಬಿಸಿ ಆರುವ ಮೊದಲೇ ಪದರಪದರವಾಗಿ ತುಂಬಿ ರೋಲರ್ ಓಡಿಸಬೇಕು.

ಮಳೆಗಾಲದ ಗಡುವಿನಲ್ಲಿ ನಡೆಯುವುದೇ ಬೇರೆ. ನೀರು ತುಂಬಿದ ಗುಂಡಿಗೆ ಪೊರಕೆಯಲ್ಲಿ ಎರಡು ಸಲ ಗುಡಿಸಿ, ಮಿಶ್ರಣ ಸುರಿದು, ಸಲಿಕೆಯ ಬೆನ್ನಿನಿಂದ ತಟ್ಟಿ ಬಿಡುತ್ತಾರೆ. ಅದನ್ನು ಅದುಮುವ ಕೆಲಸ ಓಡಾಡುವ ವಾಹನಗಳ ಪಾಲಿಗೆ ಬರುತ್ತದೆ. ಮಾರನೆಯ ಮಳೆಗೆ ತೇಪೆ ಎದ್ದು, ಜಲ್ಲಿ ಸುತ್ತಲೂ ಹರಡುತ್ತದೆ. ಆಗ ಸವಾರನ ಮುಂದೆ ಒಂದರ ಬದಲು ಎರಡು ಅಪಾಯ ಇರುತ್ತವೆ: ಮರಳಿ ಬಾಯಿ ತೆರೆದ ಗುಂಡಿ, ಅದನ್ನು ತಪ್ಪಿಸಲು ಹೊರಳುವ ಜಾಗದಲ್ಲೇ ಹಾಸಿರುವ ಸಡಿಲ ಜಲ್ಲಿ. ಉಬ್ಬಿದಂತೆ ಬಿಟ್ಟ ತೇಪೆಯಂತೂ ಇನ್ನೊಂದು ಹಂಪ್. ಇಷ್ಟಾದರೂ ಇಲಾಖೆಯ ಪಟ್ಟಿಯಲ್ಲಿ ಅದು ‘ಮುಚ್ಚಲಾದ ಗುಂಡಿ’ಯೇ. ಎಷ್ಟು ಗುಂಡಿ ಮುಚ್ಚಿದಿರಿ ಎಂದು ಕೇಳುವ ಬದಲು ಮುಚ್ಚಿದ್ದರಲ್ಲಿ ಮೂರು ತಿಂಗಳ ನಂತರ ಎಷ್ಟು ಉಳಿದಿವೆ ಎಂದು ಕೇಳಿದರೆ ಕೆಲಸದ ಗುಣಮಟ್ಟ ತಿಳಿಯುತ್ತದೆ. ಆ ಪ್ರಶ್ನೆಯನ್ನು ಗಡುವು ಕೊಡುವವರೇ ಕೇಳಬೇಕು.

ರಸ್ತೆ ಯಾರದ್ದು?

ಗುಣಮಟ್ಟ ಕೆಡಲು ಹೊಣೆಯ ಹಂಚಿಕೆಯೂ ಕಾರಣ. ಬೆಂಗಳೂರಿನ ಒಂದು ಮುಖ್ಯರಸ್ತೆಯನ್ನು ಸಾಮಾನ್ಯವಾಗಿ ಹಾಕಿಸುವುದು ಪಾಲಿಕೆ. ಕೆಳಗಿನ ಕೊಳವೆಗಳು ಜಲಮಂಡಳಿಯವು. ವಿದ್ಯುತ್ ಕೇಬಲ್ ಬೆಸ್ಕಾಂನದು. ಗ್ಯಾಸ್ ಪೈಪು, ಆಪ್ಟಿಕಲ್ ಫೈಬರ್ ಬೇರೆ ಬೇರೆ ಸಂಸ್ಥೆಗಳವು. ಮೆಟ್ರೊ ಕಾಮಗಾರಿ ನಡೆಯುವ ಪಟ್ಟಿ ಮೆಟ್ರೊ ನಿಗಮದ (ಬಿಎಂಆರ್‌ಸಿಎಲ್) ಸುಪರ್ದಿಯಲ್ಲಿರುತ್ತದೆ. ತುಮಕೂರು ರಸ್ತೆ, ಹೊಸೂರು ರಸ್ತೆಗಳಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವೂ ಇದೆ. 2025ರ ಸೆಪ್ಟೆಂಬರ್ 2ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರಪಾಲಿಕೆಗಳು ಬಂದಿರುವುದರಿಂದ ಒಂದೇ ರಸ್ತೆ ಎರಡು ಪಾಲಿಕೆಗಳ ಗಡಿ ದಾಟುವುದೂ ಇದೆ.

ರಸ್ತೆ ಹಾಕಿದ ಗುತ್ತಿಗೆದಾರ ಇಂತಿಷ್ಟು ವರ್ಷ ಅದರ ದೋಷಗಳನ್ನು ತನ್ನ ಖರ್ಚಿನಲ್ಲೇ ಸರಿಪಡಿಸಬೇಕು ಎಂಬ ಷರತ್ತು ಕರಾರಿನಲ್ಲಿ ಇರುತ್ತದೆ. ಇದು ದೋಷ ಹೊಣೆಗಾರಿಕೆ ಅವಧಿ, ಕಚೇರಿಯ ಭಾಷೆಯಲ್ಲಿ ಡಿಎಲ್‌ಪಿ. ಆ ಅವಧಿಯಲ್ಲೇ ಇನ್ನೊಂದು ಸಂಸ್ಥೆ ಬಂದು ರಸ್ತೆ ಅಗೆದರೆ ಹೊಣೆ ಯಾರದ್ದು? ಅಗೆದ ಗೆರೆಯಿಂದಲೇ ನೀರು ಇಳಿದು ಪಕ್ಕದ ಡಾಂಬರೂ ಹಾಳಾಗುತ್ತದೆ. ನಾನು ಹಾಕಿದ್ದು ಚೆನ್ನಾಗಿತ್ತು, ಅಗೆದವರನ್ನು ಕೇಳಿ ಎನ್ನುತ್ತಾನೆ ಗುತ್ತಿಗೆದಾರ. ರಸ್ತೆ ಕತ್ತರಿಸಲು ಶುಲ್ಕ ಕಟ್ಟಿದ್ದೇವೆ, ಮುಚ್ಚುವುದು ಪಾಲಿಕೆಯ ಕೆಲಸ ಎನ್ನುತ್ತಾರೆ ಅಗೆದವರು. ಬಿಲ್ ಬಾಕಿ ಎಂಬ ಗುತ್ತಿಗೆದಾರರ ದೂರು ಬೇರೆ. ಈ ಮೂವರ ನಡುವೆ ಪತ್ರ ಓಡಾಡುವಷ್ಟು ದಿನವೂ ಗುಂಡಿ ಹಾಗೆಯೇ ಇರುತ್ತದೆ.

ಅಂಕಿಅಂಶ ಹೇಳುವುದು, ಹೇಳದಿರುವುದು

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ಆ ವರ್ಷ ದೇಶದಲ್ಲಿ ರಸ್ತೆ ಅಪಘಾತಗಳಿಗೆ 1,68,491 ಜನ ಬಲಿಯಾದರು. ಕರ್ನಾಟಕದ ಪಾಲು 11,702. ಸತ್ತವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದವರು. ಗುಂಡಿಗಳಿಂದ ಸತ್ತವರೆಂದು ದಾಖಲಾದವರು 1,856 ಮಂದಿ, ಅಂದರೆ ಒಟ್ಟು ಸಾವಿನ ಶೇ 1ಕ್ಕಿಂತ ತುಸು ಹೆಚ್ಚು. ಅದೇ ವರದಿ ಶೇ 71ರಷ್ಟು ಸಾವಿಗೆ ಅತಿವೇಗವೇ ಕಾರಣ ಎನ್ನುತ್ತದೆ.

ಗುಂಡಿಯ ಗದ್ದಲ ಅತಿಯಾಯಿತು, ನಿಜವಾದ ಸಮಸ್ಯೆ ವೇಗ ಎನ್ನುವವರು ಆಧಾರವಾಗಿ ತೋರಿಸುವುದು ಇದೇ ಅಂಕಿಗಳನ್ನು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ವೇಗ ಇಳಿದರೆ ಗುಂಡಿಗೆ ಬಿದ್ದರೂ ಬದುಕುಳಿಯುವ ಸಾಧ್ಯತೆ ಹೆಚ್ಚುತ್ತದೆ. ಹೆಲ್ಮೆಟ್ ಕೂಡ ಹಾಗೆಯೇ. ಅದು ಸವಾರರ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆ ತೋರಿಸಿದೆ. ನಮ್ಮ ಊರುಗಳಲ್ಲಿ ದಂಡ ತಪ್ಪಿಸಲೆಂದೇ ಹಾಕುವ ಅರ್ಧ ಹೆಲ್ಮೆಟ್‌ಗೆ ಆ ಶಕ್ತಿ ಇಲ್ಲ.

ಆದರೆ ಗುಂಡಿಯ ಅಂಕಿಯೇ ನಂಬುವಂತಿದೆಯೇ? 2017ರಲ್ಲಿ ಗುಂಡಿ ಸಾವುಗಳೆಂದು ದಾಖಲಾದದ್ದು 3,597. ಮರುವರ್ಷ ಅದು 2,015ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ದೇಶದ ರಸ್ತೆಗಳು ಅಷ್ಟು ಸುಧಾರಿಸಿದ್ದನ್ನು ಯಾರೂ ಕಂಡಿಲ್ಲ. ಬದಲಾದದ್ದು ಬಹುಶಃ ಬರೆಯುವ ರೀತಿ. 2013ರಿಂದ 2017ರವರೆಗೆ ಗುಂಡಿಗಳಿಂದ 14,926 ಮಂದಿ ಸತ್ತದ್ದನ್ನು 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಪ್ರಶ್ನಿಸಿ, ಇದು ಒಪ್ಪಲಾಗದ್ದು ಎಂದಿತ್ತು.

ಕಾರಣ ಎಂಬ ಕಾಲಂ ಕೂಡ ಗಮನಿಸಬೇಕಾದದ್ದೇ. ಅಪಘಾತಕ್ಕೆ ಹಲವು ಕಾರಣಗಳು ಕೂಡಿಬಂದಿರುತ್ತವೆ. ಕತ್ತಲು, ಮಳೆ, ಗುಂಡಿ, ಹಿಂದಿದ್ದ ಲಾರಿ, ತುಸು ಹೆಚ್ಚಿದ ವೇಗ. ಅಂಕಿಅಂಶದ ಪಟ್ಟಿಗೆ ಹೋಗುವುದು ಮಾತ್ರ ಒಂದೇ ಕಾರಣ. ಆ ಒಂದು ಯಾವುದೆಂದು ಠಾಣೆಯಲ್ಲಿ ನಿರ್ಧಾರವಾಗುತ್ತದೆ. ಅತಿವೇಗ ಎಂದು ಬರೆಯಲು ಪುರಾವೆ ಬೇಕಿಲ್ಲ, ಗುಂಡಿ ಎಂದು ಬರೆದರೆ ಇನ್ನೊಂದು ಸರ್ಕಾರಿ ಸಂಸ್ಥೆಯ ಮೇಲೆ ಬೆರಳು ತೋರಿಸಿದಂತಾಗುತ್ತದೆ. ಅಪಘಾತ ವಲಯ ಗುರುತಿಸುವ ಕ್ರಮವೂ ಇದಕ್ಕೆ ನೆರವಾಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯ 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವುಗಳು ಆದರೆ ಅದು ಬ್ಲ್ಯಾಕ್ ಸ್ಪಾಟ್. ತಪ್ಪು ವಿನ್ಯಾಸದ ತಿರುವನ್ನು ಹಿಡಿಯಲು ಇದು ಸರಿ. ಜೂನ್‌ನಲ್ಲಿ ಹುಟ್ಟಿ ನವೆಂಬರ್‌ನಲ್ಲಿ ಮುಚ್ಚಿ ಮುಂದಿನ ವರ್ಷ ನೂರು ಮೀಟರ್ ಆಚೆ ಹುಟ್ಟುವ ಗುಂಡಿ ಈ ಬಲೆಗೆ ಬೀಳುವುದಿಲ್ಲ.

ಎಫ್‌ಐಆರ್‌ನಲ್ಲಿ ಏನಾಗುತ್ತದೆ?

ರಾತ್ರಿ ಹತ್ತೂವರೆಗೆ ಸವಾರನೊಬ್ಬ ಗುಂಡಿ ತಪ್ಪಿಸಲು ಬಲಕ್ಕೆ ಎಳೆದು ಟಿಪ್ಪರ್ ಚಕ್ರಕ್ಕೆ ಸಿಕ್ಕ ಎಂದುಕೊಳ್ಳೋಣ. ಗಾಯಾಳುವನ್ನು ಯಾರೋ ಆಟೋದಲ್ಲಿ ಹಾಕಿ ಕಳಿಸುತ್ತಾರೆ. ಸಂಚಾರ ತಡೆಯಬಾರದೆಂದು ಬೈಕನ್ನು ಬದಿಗೆ ಎಳೆಯುತ್ತಾರೆ. ಬೆಳಿಗ್ಗೆ ಸ್ಥಳ ಮಹಜರಿಗೆ ಪೊಲೀಸರು ಬರುವ ವೇಳೆಗೆ ಆ ಗುಂಡಿಗೆ ವೆಟ್ ಮಿಕ್ಸ್, ಅಂದರೆ ನೀರು ಬೆರೆಸಿದ ಜಲ್ಲಿ-ಪುಡಿ, ಬಿದ್ದಿರಬಹುದು. ಸಾವು ಸುದ್ದಿಯಾದರಂತೂ ಅತಿ ಬೇಗ ದುರಸ್ತಿಯಾಗುವುದು ಆ ಗುಂಡಿಯೇ. ಮಹಜರಿನ ನಕ್ಷೆಯಲ್ಲಿ ರಸ್ತೆಯ ಅಗಲ, ವಾಹನ ಬಿದ್ದ ಜಾಗ, ರಕ್ತದ ಗುರುತು ಬರುತ್ತವೆ. ಗುಂಡಿಯ ಉದ್ದ, ಅಗಲ, ಆಳ ಅಳೆದು ಬರೆದರೆ ಅದು ತನಿಖಾಧಿಕಾರಿಯ ಮುತುವರ್ಜಿ, ಬರೆಯದಿದ್ದರೆ ಕೇಳುವವರಿಲ್ಲ. ಕೇಸು ಟಿಪ್ಪರ್ ಚಾಲಕನ ಮೇಲೆ ಅತಿವೇಗ ಮತ್ತು ಅಜಾಗರೂಕತೆಗೆ ದಾಖಲಾಗುತ್ತದೆ. ಅಂಕಿಅಂಶದಲ್ಲೂ ಅದು ವೇಗದ ಸಾವು.

ಟಿಪ್ಪರ್ ಇರದೆ ಸವಾರ ತಾನೇ ಬಿದ್ದಿದ್ದರೆ? ಅದು ‘ಸೆಲ್ಫ್ ಆಕ್ಸಿಡೆಂಟ್’. ಆಗ ಆರೋಪಿ ಕಾಲಂನಲ್ಲಿ ಬರುವ ಹೆಸರು ಬಿದ್ದವನದ್ದೇ. ಹಿಂಬದಿ ಕೂತಿದ್ದ ಹೆಂಡತಿಯೋ ಮಗುವೋ ತೀರಿಕೊಂಡರೆ ಗಾಯಗೊಂಡು ಮಲಗಿರುವ ಗಂಡನ ಮೇಲೆ, ಅಪ್ಪನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ, ಅಂದರೆ ನಿರ್ಲಕ್ಷ್ಯದಿಂದ ಸಾವು. ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಅಡಿ ಇದಕ್ಕೆ ಎರಡು ವರ್ಷದವರೆಗೆ ಶಿಕ್ಷೆ ಇತ್ತು, 2024ರ ಜುಲೈ 1ರಿಂದ ಐದು ವರ್ಷದವರೆಗೆ ಆಗಬಹುದು. ಸಾವಿನ ದುಃಖದ ಜತೆಗೆ ಆ ಮನೆಯವರು ಕೋರ್ಟಿಗೂ ಅಲೆಯಬೇಕು. ಈ ಕ್ರೌರ್ಯ ಯಾರೂ ಬೇಕೆಂದೇ ಮಾಡಿದ್ದಲ್ಲ, ರಸ್ತೆಯನ್ನು ಬಿಟ್ಟು ಕಾರಣ ಹುಡುಕುವ ಪದ್ಧತಿಯಿಂದ ಹುಟ್ಟಿದ್ದು.

ವಿಮೆಯ ಕತ್ತರಿ

ಈ ದಾಖಲೆಯ ಪರಿಣಾಮ ನೇರವಾಗಿ ಹಣಕ್ಕೆ ತಟ್ಟುತ್ತದೆ. ಮೋಟಾರು ವಾಹನ ಕಾಯ್ದೆಯ 166ನೇ ಕಲಂನಡಿ ಪರಿಹಾರ ಕೇಳುವುದು ಇನ್ನೊಂದು ವಾಹನದವನ ತಪ್ಪಿನಿಂದ ಹಾನಿಯಾದಾಗ. ತಪ್ಪು ಸವಾರನದ್ದೇ ಎಂದಾದರೆ ಅವನ ಕುಟುಂಬಕ್ಕೆ ಆ ಬಾಗಿಲು ಮುಚ್ಚುತ್ತದೆ. 2014ರಲ್ಲಿ ಅರಸೀಕೆರೆ ಕಡೆಗೆ ಕಾರು ಓಡಿಸಿಕೊಂಡು ಹೋಗುತ್ತಿದ್ದವರ ಸಾವಿನ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಹೀಗೆ ತೀರ್ಪು ಕೊಟ್ಟಿತ್ತು. ಅದನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಎತ್ತಿಹಿಡಿಯಿತು. ಅದು ಗುಂಡಿಯ ಪ್ರಕರಣ ಅಲ್ಲ. ಆದರೂ ‘ಸೆಲ್ಫ್ ಆಕ್ಸಿಡೆಂಟ್’ ಎಂದು ಬರೆಸಿಕೊಂಡ ಪ್ರತಿ ಕುಟುಂಬಕ್ಕೂ ಅದರ ತರ್ಕ ಅನ್ವಯಿಸಬಲ್ಲದು.

ಉಳಿಯುವುದು ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ. ಅದು ಸಿಗಬೇಕಾದರೆ ವಾಹನ ಅವನ ಹೆಸರಿನಲ್ಲೇ ಇರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಪಾಲಿಸಿ ಜೀವಂತ ಇರಬೇಕು. ಅಣ್ಣನ ಬೈಕ್, ಗೆಳೆಯನ ಸ್ಕೂಟರ್ ಓಡಿಸಿದವನಿಗೆ ಆ ರಕ್ಷಣೆ ಇಲ್ಲ. ಚಿಕಿತ್ಸೆಗೆ ಮಾತ್ರ ಹೊಸ ದಾರಿಯೊಂದಿದೆ. 2025ರ ಮೇನಲ್ಲಿ ಜಾರಿಯಾದ ಕೇಂದ್ರದ ನಗದುರಹಿತ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ ಏಳು ದಿನ 1.5 ಲಕ್ಷದವರೆಗಿನ ಚಿಕಿತ್ಸೆ, ನಿಗದಿತ ಆಸ್ಪತ್ರೆಗಳಲ್ಲಿ.

ಕಾನೂನು ಇದೆ, ಬಳಕೆ ಇಲ್ಲ

2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಂ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ರಸ್ತೆಯ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರ ಮೇಲೆ ಒಂದು ಲಕ್ಷದವರೆಗೆ ದಂಡ. ರಸ್ತೆಯನ್ನು ಹೊಣೆಗಾರನನ್ನಾಗಿ ಮಾಡಿದ ಮೊದಲ ನಿಯಮ ಎಂಬ ಮಟ್ಟಿಗೆ ಇದು ದೊಡ್ಡ ಹೆಜ್ಜೆ. ಆದರೆ ಕೋಟಿಗಳ ಕಾಮಗಾರಿಗೆ ಲಕ್ಷದ ದಂಡ ಯಾವ ಲೆಕ್ಕ? ಆ ಹಣವೂ ಹೋಗುವುದು ಅಪಘಾತ ನಿಧಿಗೆ, ಸತ್ತವರ ಮನೆಗೆ ನೇರವಾಗಿ ಅಲ್ಲ.

ನ್ಯಾಯಾಲಯಗಳು ಇನ್ನೂ ಮುಂದೆ ಹೋಗಿವೆ. ಬೆಂಗಳೂರಿನ ರಸ್ತೆಗಳ ಬಗ್ಗೆ 2015ರಲ್ಲಿ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2019ರ ಜುಲೈನಲ್ಲೇ ಒಂದು ಮಾತು ಸ್ಪಷ್ಟಪಡಿಸಿತ್ತು. ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ, ಗುಂಡಿಯಿಂದ ಹಾನಿಯಾದವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂಬುದು ಆ ಮಾತು. ಹಾಗಾದರೆ ಬಾಂಬೆ ಹೈಕೋರ್ಟಿನ ಆದೇಶದಲ್ಲಿ ಹೊಸತೇನು? ಹಕ್ಕು ಘೋಷಿಸುವುದರ ಜತೆಗೆ ಅದು ಮೊತ್ತ, ಅವಧಿ, ಕೊಡುವ ಕೈ ಮೂರನ್ನೂ ಗೊತ್ತುಮಾಡಿತು. ಪಾಲಿಕೆ ಆಯುಕ್ತರು ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ ಸೇರಿದ ಸಮಿತಿ, ಆರರಿಂದ ಎಂಟು ವಾರಗಳ ಗಡುವು, ತಪ್ಪಿತಸ್ಥ ಅಧಿಕಾರಿ ಅಥವಾ ಗುತ್ತಿಗೆದಾರನಿಂದ ವಸೂಲಿ. ಸಂತ್ರಸ್ತರು ಯಾರ ಮೇಜಿಗೆ ಹೋಗಬೇಕು ಎಂಬುದು ಅಲ್ಲಿ ತಿಳಿದಿದೆ. ನಮ್ಮಲ್ಲಿ ಹಕ್ಕು ಇದ್ದರೂ ಮೇಜು ಯಾವುದೆಂದು ಜನರಿಗೆ ಗೊತ್ತಿಲ್ಲ.

ವಿರೋಧದ ವಾದಗಳು

ಪಾಲಿಕೆಗಳ ಎಂಜಿನಿಯರ್‌ಗಳು ಹೇಳುವುದರಲ್ಲೂ ಹುರುಳಿದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಮಳೆಯ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಸುರಿಯುತ್ತದೆ. ಯಾವ ನಗರವೂ ಎಲ್ಲ ಗುಂಡಿಯನ್ನೂ ಹುಟ್ಟಿದ ದಿನವೇ ಮುಚ್ಚಲಾರದು. ಪ್ರತಿ ಗುಂಡಿಗೂ ಪರಿಹಾರ ಕೊಟ್ಟರೆ ರಸ್ತೆಗೆ ಹಣ ಉಳಿಯುವುದಿಲ್ಲ, ಸುಳ್ಳು ದಾವೆಗಳು ಬರುತ್ತವೆ ಎಂಬ ಆತಂಕವೂ ಇದೆ.

ಇದಕ್ಕೆ ಇಂಗ್ಲೆಂಡಿನ ಕಾನೂನು ಕಂಡುಕೊಂಡ ದಾರಿ ಗಮನಾರ್ಹ. ಅಲ್ಲಿನ 1980ರ ಹೆದ್ದಾರಿ ಕಾಯ್ದೆ ರಸ್ತೆ ನಿರ್ವಹಣೆಯನ್ನು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ಸಾರುತ್ತದೆ. ಜತೆಗೆ, ತಾನು ನಿಯಮಿತವಾಗಿ ತಪಾಸಣೆ ಮಾಡಿದ್ದೇನೆ, ತಿಳಿದ ದೋಷವನ್ನು ತಕ್ಕ ಸಮಯದಲ್ಲಿ ಸರಿಪಡಿಸಿದ್ದೇನೆ ಎಂದು ದಾಖಲೆ ಸಮೇತ ತೋರಿಸಿದರೆ ಸಂಸ್ಥೆಗೆ ರಕ್ಷಣೆಯನ್ನೂ ಕೊಡುತ್ತದೆ. ಗುಂಡಿ ಇತ್ತು ಎಂಬಷ್ಟಕ್ಕೇ ಅಲ್ಲಿ ಶಿಕ್ಷೆ ಇಲ್ಲ. ತಪಾಸಣೆ ನಡೆದಿಲ್ಲ, ದೂರು ಬಂದರೂ ಸುಮ್ಮನಿದ್ದಿರಿ ಎಂಬುದಕ್ಕೆ ಹೊಣೆ. ನಮ್ಮ ಎಂಜಿನಿಯರ್‌ಗಳ ಆತಂಕಕ್ಕೆ ಇದೇ ಸರಿಯಾದ ಉತ್ತರ ಎನಿಸುತ್ತದೆ. ಬೆಂಗಳೂರಿನಲ್ಲಿ ಗುಂಡಿಯ ದೂರು ಕೊಡಲು ‘ರಸ್ತೆ ಗುಂಡಿ ಗಮನ’ ಆ್ಯಪ್ ಬಂದಿದೆ, ಸಂಚಾರ ಪೊಲೀಸರೂ ಗುಂಡಿಗಳ ಪಟ್ಟಿ ಕಳಿಸುತ್ತಾರೆ. ದೂರು ದಾಖಲಾದ ದಿನಾಂಕ ಮತ್ತು ಮುಚ್ಚಿದ ದಿನಾಂಕ ಎರಡೂ ಸಾರ್ವಜನಿಕರಿಗೆ ಕಾಣುವಂತಿದ್ದರೆ ನಿರ್ಲಕ್ಷ್ಯ ಯಾವುದು, ಅಸಹಾಯಕತೆ ಯಾವುದು ಎಂಬುದು ತಾನಾಗಿ ಬೇರ್ಪಡುತ್ತದೆ.

ವಾಹನಗಳನ್ನೇ ಸುಧಾರಿಸೋಣ ಎಂಬ ವಾದವೂ ಇದೆ. 125 ಸಿಸಿ ದಾಟಿದ ಬೈಕುಗಳಿಗೆ 2019ರಿಂದ ಎಬಿಎಸ್ ಬ್ರೇಕ್ ವ್ಯವಸ್ಥೆ ಕಡ್ಡಾಯ. ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ ಅದನ್ನು ವಿಸ್ತರಿಸುವ ಕರಡನ್ನು ಕೇಂದ್ರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಆಗಿ ಜಾರುವುದನ್ನು ಎಬಿಎಸ್ ತಡೆಯುತ್ತದೆ, ಆ ಮಟ್ಟಿಗೆ ಜೀವ ಉಳಿಸುತ್ತದೆ. ಗುಂಡಿಯ ಅಂಚನ್ನು ಅದು ಸವೆಸಲಾರದು, ಸಡಿಲ ಜಲ್ಲಿಯ ಮೇಲೆ ಅದರ ನೆರವೂ ಕಡಿಮೆ.

ಮುಂದೆ ಏನಾಗಬಹುದು?

ಮಹಾರಾಷ್ಟ್ರದ ಮಾದರಿ ಇಲ್ಲಿಗೂ ಬಂದರೆ ಮೊದಲ ಜಟಾಪಟಿ ಕಾರಣದ ಬಗ್ಗೆಯೇ ನಡೆಯಲಿದೆ. ಪರಿಹಾರ ತೆರಬೇಕಾದ ಸಂಸ್ಥೆ ಸಹಜವಾಗಿ ಗುಂಡಿ ಕಾರಣವಲ್ಲ, ವೇಗ ಕಾರಣ ಎನ್ನುತ್ತದೆ. ಆಗ ಸಮಿತಿ ನೋಡುವುದು ಎಫ್‌ಐಆರ್, ಮಹಜರು ಮತ್ತು ಆಸ್ಪತ್ರೆಯ ದಾಖಲೆಗಳನ್ನು. ಅವುಗಳಲ್ಲಿ ರಸ್ತೆಯ ಉಲ್ಲೇಖವೇ ಇಲ್ಲದಿದ್ದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿವರ ವರದಿ ಕೊಡಬೇಕು. ದ್ವಿಚಕ್ರ ವಾಹನದ ಪ್ರತಿ ಮಾರಣಾಂತಿಕ ಅಪಘಾತದಲ್ಲೂ ರಸ್ತೆ ಮೇಲ್ಮೈಯ ಫೋಟೊ, ದೋಷದ ಅಳತೆ, ರಸ್ತೆಯ ಒಡೆತನ, ಡಿಎಲ್‌ಪಿ ಇದೆಯೇ ಎಂಬ ಮಾಹಿತಿ ಕಡ್ಡಾಯವಾಗಿ ಆ ವರದಿಗೆ ಸೇರಬೇಕು ಎಂದು ಗೃಹ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಹೊಸ ಕಾನೂನೇ ಬೇಕಿಲ್ಲ. ಆ ಗುಂಡಿಯನ್ನು ಅಳೆಯದೆ ಮುಚ್ಚಬಾರದು, ಅಲ್ಲಿಯವರೆಗೆ ಸುತ್ತ ಬ್ಯಾರಿಕೇಡ್ ಇಡಬೇಕು ಎಂಬುದೂ ಅದರಲ್ಲಿ ಇರಬೇಕು. ಅಳೆಯಲು ಅರ್ಧ ಗಂಟೆ ಸಾಕು.

ಅಲ್ಲಿಯವರೆಗೆ ದಾಖಲೆ ಉಳಿಸುವ ಹೊರೆ ಬಿದ್ದವರ ಕಡೆಯವರ ಮೇಲೆಯೇ ಇದೆ. ಗಾಯಾಳುವಿನ ಚಿಕಿತ್ಸೆ ಮೊದಲು, 112ಕ್ಕೆ ಕರೆಯೂ ಆಗಲೇ. ಜತೆಗಿದ್ದ ಒಬ್ಬರಾದರೂ ಅದೇ ದಿನ ಸ್ಥಳಕ್ಕೆ ಹಿಂದಿರುಗಿ ಗುಂಡಿಯ ಫೋಟೊ ತೆಗೆಯಬೇಕು. ಆಳ ತಿಳಿಯಲು ಒಳಗೊಂದು ಸ್ಕೇಲ್ ಅಥವಾ ನೀರಿನ ಬಾಟಲಿ ನಿಲ್ಲಿಸಿ ಒಂದು, ಅಕ್ಕಪಕ್ಕದ ಅಂಗಡಿ ಫಲಕ ಕಾಣುವಂತೆ ಇನ್ನೊಂದು. ಅಂಗಡಿಗಳ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮುನ್ನ ಪೊಲೀಸರಿಗೆ ಲಿಖಿತವಾಗಿ ತಿಳಿಸಬೇಕು. ಅತ್ಯಂತ ಮುಖ್ಯವಾದದ್ದು ಆಸ್ಪತ್ರೆಯ ತುರ್ತು ವಿಭಾಗದ ಎಂಎಲ್‌ಸಿ ಪುಸ್ತಕ, ಅಂದರೆ ಪೊಲೀಸ್ ಕೇಸಿಗೆ ಸೇರುವ ಗಾಯಗಳನ್ನು ದಾಖಲಿಸುವ ವೈದ್ಯಕೀಯ-ಕಾನೂನು ಪುಸ್ತಕ. ಗಾಬರಿಯಲ್ಲಿ ‘ಗಾಡಿಯಿಂದ ಬಿದ್ದರು’ ಎಂದಷ್ಟೇ ಹೇಳಿದರೆ ಅಲ್ಲಿ ‘ಸೆಲ್ಫ್ ಫಾಲ್’ ಎಂದು ದಾಖಲಾಗುತ್ತದೆ. ಇಂತಹ ರಸ್ತೆಯಲ್ಲಿ, ಇಂತಹ ಜಾಗದಲ್ಲಿ, ಗುಂಡಿಗೆ ಚಕ್ರ ಇಳಿದು ಬಿದ್ದರು ಎಂದು ನಡೆದದ್ದನ್ನು ಪೂರ್ತಿ ಹೇಳಿ, ಹಾಗೆಯೇ ಬರೆದಿದ್ದಾರೆಯೇ ಎಂದು ಓದಿ ನೋಡಬೇಕು. ವರ್ಷಗಳ ನಂತರ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ಮೊದಲು ತೆರೆಯುವುದು ಆ ಪುಟವನ್ನೇ.